ಹೊಳೆ ನಡುವೆ ಕರೆಂಟು ಕಂಬ ಇಲ್ಲ

ಮುಳ್ಳೂರು, ಹರಳೆ, ದಾಸನಪುರದ ಕಡೆ ಕಾವೇರಿ ದಂಡೆಯ ಗದ್ದೆಗಳಲ್ಲಿ ಓಡಾಡಿ ಬೆಳೆದವರಿಗೆ, ಅವರು ನಡುವಯಸ್ಸು ದಾಟಿದವರಾದರೆ, ಡೀಸೆಲ್ ಎಂಜಿನ್ನಿನ ಸದ್ದು ಇನ್ನೂ ಕಿವಿಯಲ್ಲೇ ಇರುತ್ತದೆ. ಹ್ಯಾಂಡಲ್ ಸಿಕ್ಕಿಸಿ, ತಲೆ ಮೇಲಿನ ಲಿವರ್ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು ನಾಲ್ಕು ಸುತ್ತು ತಿರುವಿ ಲಿವರ್ ಬಿಟ್ಟರೆ ಅದು ಒಮ್ಮೆ ಕೆಮ್ಮಿ, ಕರಿಹೊಗೆ ಉಗುಳಿ, ಡಬಡಬ ಎಂದು ಹತ್ತಿಕೊಳ್ಳುತ್ತಿತ್ತು. ಒಂದೊಂದು ದಿನ ಹತ್ತಿಕೊಳ್ಳುತ್ತಲೂ ಇರಲಿಲ್ಲ. ಆಮೇಲೆ ಲೈನು ಬಂತು. ಎಂಜಿನ್ ಕೂರಿಸಿದ್ದ ಕಟ್ಟೆಯ ಮೇಲೇ ಐದು ಎಚ್‌ಪಿ ಮೋಟಾರು ಬಂದು ಕೂತಿತು. ಪಂಪು, ಪೈಪು, ಹೊಳೆಯೊಳಗಿನ ಫುಟ್‌ವಾಲ್ವ್ ಎಲ್ಲ ಹಳೆಯವೇ. ಬದಲಾದದ್ದು ತಿರುಗಿಸುವವನು ಮಾತ್ರ. ಬೆಳಿಗ್ಗೆ ಎಂಜಿನ್ ಬಿಚ್ಚಿದವರು ಸಂಜೆಗೆ ನೀರು ಕಟ್ಟಿದ್ದಾರೆ.

ದೋಣಿಯ ಹಿಂದೆ ನೀರೊಳಗೆ ತಿರುಗುವ ರೆಕ್ಕೆಯೂ ಒಂದು ಬಗೆಯ ಪಂಪೇ. ಪಂಪು ನೀರನ್ನು ಪೈಪಿನೊಳಗೆ ತಳ್ಳುತ್ತದೆ, ರೆಕ್ಕೆ ನೀರನ್ನು ಹಿಂದಕ್ಕೆ ತಳ್ಳಿ ದೋಣಿಯನ್ನು ಮುಂದಕ್ಕೆ ನೂಕುತ್ತದೆ. ಹಾಗಿದ್ದ ಮೇಲೆ ದೋಣಿಯ ಡೀಸೆಲ್ ಎಂಜಿನ್ ಬಿಚ್ಚಿ ಅಲ್ಲೂ ಮೋಟಾರು ಕೂರಿಸಬಹುದಲ್ಲ? ಯುರೋಪು, ಅಮೆರಿಕಗಳ ಹಾಯಿದೋಣಿಯವರು ಇದನ್ನೇ ಮಾಡುತ್ತಿದ್ದಾರೆ. ಹಾಯಿದೋಣಿಗೆ ಎಂಜಿನ್ ಯಾಕೆ ಎಂದು ಕೇಳಬೇಡಿ. ಗಾಳಿ ಬಿದ್ದುಹೋದಾಗ, ಇಕ್ಕಟ್ಟಾದ ಬಂದರಿಗೆ ನುಗ್ಗುವಾಗ, ಎದುರು ಸೆಳೆತ ದಾಟುವಾಗ ಹಾಯಿ ನಂಬಿ ಕೂರುವ ಹಾಗಿಲ್ಲ. ಹಾಗಾಗಿ ಮೂವತ್ತು ಅಡಿಯ ಹಾಯಿದೋಣಿಯ ಹೊಟ್ಟೆಯೊಳಗೂ ಇಪ್ಪತ್ತು ಎಚ್‌ಪಿಯ ಒಂದು ಡೀಸೆಲ್ ಎಂಜಿನ್ ಮಲಗಿರುತ್ತದೆ. ವರ್ಷದಲ್ಲಿ ಅದು ಓಡುವುದು ಕೆಲವೇ ಗಂಟೆ. ವಾಸನೆ, ಎಣ್ಣೆ, ರಿಪೇರಿ ಮಾತ್ರ ವರ್ಷಪೂರ್ತಿ.

ಈ ವಿಷಯ ಹರಳೆಯ ಕಡೆಯ ಒಬ್ಬ ಹಿರಿಯ ರೈತರ ಹತ್ತಿರ ಹೇಳಿದಾಗ ಅವರು ಬೀಡಿ ಆರಿಸಿ ಕೇಳಿದರು: "ದೋಣಿಗ ಕರೆಂಟು ಅಂತೀರಲ್ಲ ಸಾ, ಹೊಳ ನಡುವ ಕಂಬ ನೆಟ್ಟಾರಾ?"

ಇಡೀ ವಿಷಯದ ಗಂಟು ಇರುವುದು ಆ ಪ್ರಶ್ನೆಯಲ್ಲೇ.

ಆ ಪ್ರಶ್ನೆ ಬಂದದ್ದೂ ಎಂಥ ಜಾಗದಿಂದ! ಅವರ ಗದ್ದೆಯ ಪಕ್ಕ ಹರಿದ ಹೊಳೆಯೇ ಮುಂದೆ ಸತ್ತೇಗಾಲ ದಾಟಿ ಎರಡಾಗಿ ಸೀಳಿ, ಈ ಕಡೆ ಭರಚುಕ್ಕಿಯಾಗಿ, ಆ ಕಡೆ ಗಗನಚುಕ್ಕಿಯಾಗಿ ಧುಮುಕುತ್ತದೆ. ಗಗನಚುಕ್ಕಿಯ ಕಡೆ, ಜನ ಇವತ್ತಿಗೂ ಬ್ಲಫ್ ಎಂದು ಕರೆಯುವಲ್ಲಿ, 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ ಕೇಂದ್ರ ಶುರುವಾಯಿತು. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿಯಲಿಲ್ಲ, ಹಿಂದಿನ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು. ಕೆಲಸ ಮಾಡಿಸಿದವರು ಜೋಲಿ ಡಿ ಲಾಟ್ಬಿನಿಯರ್ ಎಂಬ ಕೆನಡಾ ಮೂಲದ ಎಂಜಿನಿಯರ್. ಅಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಊರಿಗಲ್ಲ, ಮನೆಗಲ್ಲ. ಸುಮಾರು 148 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆ ಕಾಲಕ್ಕೆ ಅಷ್ಟು ಉದ್ದದ ತಂತಿ ಜಗತ್ತಿನಲ್ಲೇ ಅಪರೂಪ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಎದುರು ದಡದ ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, 1956ರವರೆಗೂ ಹಾಗೆಯೇ. ಮನೆಮುಂದಿನ ಜಲಪಾತದ ಕರೆಂಟು ಕೊಳ್ಳೇಗಾಲದವರ ಪಾಲಿಗೆ ಪರರಾಜ್ಯದ ಸರಕು.

ಶಿವನಸಮುದ್ರದ ಕರೆಂಟು ಕೋಲಾರದಲ್ಲಿ ಮಾಡಿದ ಕೆಲಸವೂ ಇದೇ: ಎಂಜಿನ್ ಕಳಚಿ ಮೋಟಾರು ಕೂರಿಸುವುದು. ಅಲ್ಲಿ ಉಗಿ ಎಂಜಿನ್ನುಗಳಿದ್ದವು, ಅವುಗಳ ಹೊಟ್ಟೆಗೆ ಕಲ್ಲಿದ್ದಲು, ಸೌದೆ ಸುರಿಯಬೇಕಿತ್ತು. ತಂತಿ ಬಂದ ಮೇಲೆ ಒಂದೊಂದಾಗಿ ಮೋಟಾರುಗಳು ಬಂದವು. ಗಣಿ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ, ಕಂಬದ ಸಾಲು ಅಲ್ಲಿಗೆ ಹೋಗಿ ಮುಟ್ಟಿದರೆ ಸಾಕು. ಗದ್ದೆಯ ಪಂಪ್‌ಸೆಟ್ಟಿಗೂ ಅದೇ ಮಾತು, ಕೊಳ್ಳೇಗಾಲದ ರೇಷ್ಮೆ ಮಗ್ಗಕ್ಕೂ ಅದೇ ಮಾತು. ನಿಂತಲ್ಲೇ ನಿಂತು ದುಡಿಯುವ ಯಂತ್ರಕ್ಕೆಲ್ಲ ತಂತಿ ಸಾಕು. ದೋಣಿಗೆ ಮಾತ್ರ ತನ್ನ ಕರೆಂಟನ್ನು ತಾನೇ ಹೊತ್ತುಕೊಂಡು ಹೋಗುವ ಗತಿ.

ಹೊತ್ತುಕೊಂಡು ಹೋಗಲು ಜನ ಪ್ರಯತ್ನಿಸಿದ್ದು ಇತ್ತೀಚೆಗೇನಲ್ಲ. 1838ರಲ್ಲೇ ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನ ನೇವಾ ನದಿಯಲ್ಲಿ ಮೊರಿಟ್ಸ್ ಯಾಕೋಬಿ ಎಂಬಾತ ಬ್ಯಾಟರಿಯಿಂದ ದೋಣಿ ಓಡಿಸಿ ತೋರಿಸಿದ್ದ. 1881ರಲ್ಲಿ ಪ್ಯಾರಿಸ್ಸಿನ ಗುಸ್ತಾವ್ ತ್ರೂವೆ ಸೇನ್ ನದಿಯಲ್ಲಿ ಓಡಿಸಿದ್ದು ದೋಣಿಯ ಹಿಂಬದಿಗೆ ಸಿಕ್ಕಿಸಿ ಬೇಕೆಂದಾಗ ಕಳಚಿಡಬಹುದಾದ ಮೋಟಾರು. 1893ರ ಷಿಕಾಗೊ ಮಹಾಮೇಳದ ಕೊಳಗಳಲ್ಲಿ ಐವತ್ತಕ್ಕೂ ಹೆಚ್ಚು ಬ್ಯಾಟರಿ ದೋಣಿಗಳು ಜನರನ್ನು ಹೊತ್ತು ತಿರುಗುತ್ತಿದ್ದವು. ಬ್ಲಫ್‌ನಲ್ಲಿ ಚಕ್ರ ತಿರುಗುವುದಕ್ಕೆ ಒಂಬತ್ತು ವರ್ಷ ಮೊದಲೇ ಕರೆಂಟಿನ ದೋಣಿ ಜಾತ್ರೆಯ ಆಕರ್ಷಣೆಯಾಗಿತ್ತು ಎಂದಾಯಿತು.

ಆಮೇಲೆ ಅದು ಮೂಲೆಗೆ ಸೇರಿತು. ರುಡಾಲ್ಫ್ ಡೀಸೆಲ್‌ನ ಎಂಜಿನ್ 1897ರಲ್ಲಿ ಸರಿಯಾಗಿ ಓಡಿತು, 1903ರಷ್ಟರಲ್ಲಿ ದೋಣಿ ಹತ್ತಿತು. ಇಲ್ಲೊಂದು ತಮಾಷೆ ಇದೆ. ಆ ವರ್ಷ ರಷ್ಯದಲ್ಲಿ ನೀರಿಗಿಳಿದ 'ವಂದಾಲ್' ಎಂಬ ಎಣ್ಣೆ ಹಡಗಿನಲ್ಲಿ ಡೀಸೆಲ್ ಎಂಜಿನ್ನುಗಳು ನೇರವಾಗಿ ರೆಕ್ಕೆ ತಿರುಗಿಸುತ್ತಿರಲಿಲ್ಲ. ಆಗಿನ ಡೀಸೆಲ್ ಎಂಜಿನ್ನಿಗೆ ಹಿಮ್ಮುಖ ತಿರುಗಲು ಬರುತ್ತಿರಲಿಲ್ಲ. ಅದಕ್ಕೆ ಎಂಜಿನ್ನಿನಿಂದ ಕರೆಂಟು ತಯಾರಿಸಿ, ಆ ಕರೆಂಟಿನಿಂದ ಮೋಟಾರು ತಿರುಗಿಸಿದರು. ಡೀಸೆಲ್ಲು ಹಡಗು ಹತ್ತಿದ್ದೇ ಮೋಟಾರಿನ ಕೈ ಹಿಡಿದುಕೊಂಡು.

ಡೀಸೆಲ್ ಗೆದ್ದದ್ದು ಯಾಕೆ ಎಂದು ತಿಳಿಯಲು ಪುಸ್ತಕ ಬೇಡ, ಗೊಬ್ಬರದ ಮೂಟೆ ಸಾಕು. ಮನೆಗೆ ಬರುವ ಕರೆಂಟು ಬಿಲ್ಲಿನ ಯೂನಿಟ್ಟನ್ನೇ ಅಳತೆ ಮಾಡಿಕೊಳ್ಳಿ. ಒಂದು ಲೀಟರ್ ಡೀಸೆಲ್ಲಿನೊಳಗೆ ಸುಮಾರು ಹತ್ತು ಯೂನಿಟ್ ಶಕ್ತಿ ಇದೆ. ಸಣ್ಣ ಎಂಜಿನ್ ಅದರಲ್ಲಿ ಏಳು ಯೂನಿಟ್ಟನ್ನು ಹೊಗೆಗೂ ಬಿಸಿಗೂ ಸುರಿದು, ಮೂರು ಯೂನಿಟ್ಟನ್ನಷ್ಟೇ ರೆಕ್ಕೆಗೆ ಮುಟ್ಟಿಸುತ್ತದೆ. ಹಾಗಿದ್ದೂ ಆ ಲೀಟರಿನ ತೂಕ ಒಂದು ಕೆಜಿಯೂ ಇಲ್ಲ. ಈಗ ಬ್ಯಾಟರಿ ತೆಗೆದುಕೊಳ್ಳಿ. ದೋಣಿಗಳಲ್ಲಿ ಹೆಚ್ಚಾಗಿ ಬಳಸುವುದು ಲಿಥಿಯಂ ಐರನ್ ಫಾಸ್ಫೇಟ್ ಎಂಬ ಜಾತಿ. ಸುಲಭಕ್ಕೆ ಬೆಂಕಿ ಹತ್ತಿಕೊಳ್ಳದ್ದು ಎಂಬ ನಂಬಿಕೆಯ ಜಾತಿ. ಅದರಲ್ಲಿ ಒಂದು ಯೂನಿಟ್ ತುಂಬಿಡಲು ಎಂಟರಿಂದ ಹತ್ತು ಕೆಜಿ ಬೇಕು. ಅಂದರೆ 45 ಕೆಜಿಯ ಯೂರಿಯಾ ಮೂಟೆಯಷ್ಟು ಭಾರದ ಬ್ಯಾಟರಿಯಲ್ಲಿ ಐದು ಯೂನಿಟ್. ನೂರು ಲೀಟರ್ ಡೀಸೆಲ್ ಟ್ಯಾಂಕು ಕೊಡುವಷ್ಟು ಓಟವನ್ನು ಬ್ಯಾಟರಿಯಿಂದ ಪಡೆಯಬೇಕಾದರೆ ಸುಮಾರು ಅರವತ್ತು ಮೂಟೆ ಹೇರಬೇಕು. ಮೂರು ಟನ್ನಿಗೆ ಹತ್ತಿರ. ಮೂವತ್ತು ಅಡಿಯ ಹಾಯಿದೋಣಿಯ ಒಟ್ಟು ತೂಕವೇ ನಾಲ್ಕೈದು ಟನ್ನು.

ಹಾಗಾದರೆ ಎಂಜಿನ್ ಬಿಚ್ಚಿದವರಿಗೆ ಹುಚ್ಚೇ? ಅಲ್ಲ. ಅವರು ನೂರು ಲೀಟರಿನ ಓಟಕ್ಕೆ ಆಸೆಪಡುವುದನ್ನೇ ಬಿಟ್ಟಿದ್ದಾರೆ.

ಕೆಲಸ ನಡೆಯುವ ರೀತಿ ಹೀಗೆ. ಮೊದಲು ಎಂಜಿನ್, ಅದರ ಟ್ಯಾಂಕು, ಹೊಗೆ ಕೊಳವೆ, ಎಂಜಿನ್ ತಣಿಸಲು ಹೊರಗಿನ ನೀರನ್ನು ಒಳಗೆಳೆಯುತ್ತಿದ್ದ ಪೈಪು, ಎಲ್ಲವನ್ನೂ ಈಚೆಗೆ ತೆಗೆಯುತ್ತಾರೆ. ಆ ಪೈಪಿಗಾಗಿ ದೋಣಿಯ ತಳದಲ್ಲಿ ಕೊರೆದಿದ್ದ ತೂತನ್ನು ಮುಚ್ಚುವುದೇ ಎಷ್ಟೋ ಜನರಿಗೆ ಮೊದಲ ಸಮಾಧಾನ, ದೋಣಿಯಲ್ಲಿ ಒಂದು ತೂತು ಕಡಿಮೆಯಾದರೆ ಒಂದು ಭಯ ಕಡಿಮೆ. ಹೀಗೆ ಇನ್ನೂರು ಕೆಜಿಯಷ್ಟು ಭಾರ ಇಳಿಯುತ್ತದೆ. ಆ ಜಾಗಕ್ಕೆ ಮೂವತ್ತು ಕೆಜಿಯೊಳಗಿನ, ಹತ್ತು ಕಿಲೋವಾಟಿನ ಒಂದು ಮೋಟಾರು ಬರುತ್ತದೆ. ಇಪ್ಪತ್ತು ಎಚ್‌ಪಿ ಎಂದರೆ ಹದಿನೈದು ಕಿಲೋವಾಟು, ಹತ್ತು ಹೇಗೆ ಸಾಲುತ್ತದೆ ಎಂದು ಲೆಕ್ಕ ಬಲ್ಲವರು ಕೇಳುತ್ತಾರೆ. ಡೀಸೆಲ್ ಎಂಜಿನ್ ನಿಧಾನಕ್ಕೆ ತಿರುಗುವಾಗ ಬಲ ಕಡಿಮೆ, ಮೇಲಕ್ಕೇರಿದ ಮೇಲಷ್ಟೇ ಹೇಳಿದ ಎಚ್‌ಪಿ ಕೊಡುತ್ತದೆ. ಮೋಟಾರು ಮೊದಲ ಸುತ್ತಿನಲ್ಲೇ ಪೂರ್ತಿ ಬಲ ಹಾಕುತ್ತದೆ. ತುಂಬಿದ ಕಬ್ಬಿನ ಗಾಡಿ ಎಳೆಯಲು ಎತ್ತು ನಿಂತಲ್ಲಿಂದಲೇ ಭುಜ ಕೊಟ್ಟ ಹಾಗೆ.

ಹಳೆಯ ಶಾಫ್ಟು, ಹಳೆಯ ರೆಕ್ಕೆಗೇ ಹೊಸ ಮೋಟಾರನ್ನು ಜೋಡಿಸಬಹುದು, ಆದರೆ ಎರಡೂ ಒಂದೇ ಗೆರೆಯಲ್ಲಿ ಕೂರಬೇಕು. ಕೂದಲೆಳೆಯಷ್ಟು ಸೊಟ್ಟಗಾದರೂ ಬೇರಿಂಗು ತಿಂದುಹಾಕುತ್ತದೆ. ಪಂಪಿಗೆ ಮೋಟಾರು ಜೋಡಿಸುವ ನಮ್ಮ ಮೆಕ್ಯಾನಿಕ್ಕು ಕಪ್ಲಿಂಗಿನ ನಡುವೆ ಉಕ್ಕಿನ ಪಟ್ಟಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾನಲ್ಲ, ಅಲ್ಲೂ ಅದೇ ಕೆಲಸ.

ತಂತಿಯ ವಿಷಯಕ್ಕೆ ಬಂದಾಗ ಮಾತ್ರ ಶಿವನಸಮುದ್ರದ ಪಾಠ ತಲೆಕೆಳಗಾಗುತ್ತದೆ. ಕೋಲಾರದವರೆಗೆ ಸಣ್ಣ ತಂತಿಯಲ್ಲಿ ಕರೆಂಟು ಒಯ್ಯಲು ವೋಲ್ಟೇಜನ್ನು ಸುಮಾರು 35 ಸಾವಿರಕ್ಕೆ ಏರಿಸಿದ್ದರು. ವೋಲ್ಟೇಜು ಏರಿದಷ್ಟೂ ಅದೇ ಕೆಲಸಕ್ಕೆ ತಂತಿಯಲ್ಲಿ ಹರಿಯಬೇಕಾದ ಆಂಪಿಯರ್ ಕಡಿಮೆ. ದೋಣಿಯಲ್ಲಿ ಸುತ್ತ ಉಪ್ಪುನೀರು, ಒದ್ದೆ ಕೈ. ಅಲ್ಲಿ ಸಾಮಾನ್ಯವಾಗಿ 48 ವೋಲ್ಟಿಗೇ ನಿಲ್ಲಿಸುತ್ತಾರೆ, ಮುಟ್ಟಿದರೆ ಜೀವ ಹೋಗದಿರಲಿ ಎಂದು. 48 ವೋಲ್ಟಿನಲ್ಲಿ ಹತ್ತು ಕಿಲೋವಾಟು ಬೇಕೆಂದರೆ ಇನ್ನೂರಕ್ಕೂ ಮೇಲೆ ಆಂಪಿಯರ್ ಹರಿಯಬೇಕು. ಹೆಬ್ಬೆರಳು ಗಾತ್ರದ ತಾಮ್ರದ ಕೇಬಲ್ಲು, ಅದಕ್ಕೆ ತಕ್ಕ ಫ್ಯೂಸು. ಒಂದು ನಟ್ಟು ಸಡಿಲವಾದರೂ ಆ ಜಾಗ ಕೆಂಡವಾಗುತ್ತದೆ. ಇದನ್ನು ನಮ್ಮ ಊರುಗಳಲ್ಲಿ ಪುಸ್ತಕ ಓದಿ ಕಲಿಯಬೇಕಿಲ್ಲ. ಸುಟ್ಟ ಸ್ಟಾರ್ಟರ್ ಪೆಟ್ಟಿಗೆ ತೆರೆದು ನೋಡಿದ ಯಾರಿಗೂ ಗೊತ್ತು.

ಇನ್ನು ಬ್ಯಾಟರಿ. ಇಳಿಸಿದ ಭಾರದ ಲೆಕ್ಕದಲ್ಲೇ ಹನ್ನೆರಡು ಯೂನಿಟ್ಟಿನಷ್ಟು ತುಂಬಬಹುದು. ಅದರಲ್ಲಿ ಹತ್ತನ್ನು ಬಳಸಿ ಎರಡನ್ನು ಕಷ್ಟಕಾಲಕ್ಕೆ ಉಳಿಸಿಕೊಳ್ಳುವುದು ಜಾಣತನ. ಈ ಹತ್ತು ಯೂನಿಟ್ಟಿನಲ್ಲಿ ಎಷ್ಟು ದೂರ ಹೋಗಬಹುದು? ಉತ್ತರ ಬ್ಯಾಟರಿಯಲ್ಲಿಲ್ಲ, ಚುಕ್ಕಾಣಿ ಹಿಡಿದವನ ಅವಸರದಲ್ಲಿದೆ. ಗಂಟೆಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ ಸಾಗಿದರೆ ಇಂಥ ದೋಣಿಗೆ ಎರಡು ಕಿಲೋವಾಟು ಸಾಕು. ಐದು ಗಂಟೆಯ ಓಟ, ಮೂವತ್ತೇಳು ಕಿಲೋಮೀಟರಿನಷ್ಟು. ಕೊಳ್ಳೇಗಾಲದಿಂದ ಚಾಮರಾಜನಗರಕ್ಕೆ ಹತ್ತಿರ ಹತ್ತಿರ ಮುಟ್ಟಿದ ಹಾಗೆ. ವೇಗವನ್ನು ಹನ್ನೊಂದಕ್ಕೆ ಏರಿಸಿದಿರೋ, ಏಳು ಕಿಲೋವಾಟು ಬೇಕು. ಒಂದೂವರೆ ಗಂಟೆಯೊಳಗೆ ಬ್ಯಾಟರಿ ಬರಿದು, ಯಳಂದೂರು ಮುಟ್ಟುವುದೂ ಅನುಮಾನ. ವೇಗ ಒಂದೂವರೆ ಪಟ್ಟು ಆದದ್ದಕ್ಕೆ ಶಕ್ತಿ ಮೂರೂವರೆ ಪಟ್ಟು. ನೀರು ಹಾಗೆಯೇ. ತಳ್ಳಿದಷ್ಟೂ ತಿರುಗಿ ತಳ್ಳುತ್ತದೆ. ದೋಣಿ ತನ್ನ ಉದ್ದದಷ್ಟೇ ಉದ್ದದ ಅಲೆಯನ್ನು ಎಬ್ಬಿಸುವ ವೇಗ ಮುಟ್ಟಿದರಂತೂ ಮುಗಿಯಿತು, ತಾನೇ ಎಬ್ಬಿಸಿದ ಅಲೆಯ ದಿಣ್ಣೆ ಹತ್ತಲು ಹೆಣಗುತ್ತ ಕೂರುತ್ತದೆ.

ಡೀಸೆಲ್ ಇದ್ದಾಗ ಈ ಲೆಕ್ಕ ಯಾರೂ ಹಾಕುತ್ತಿರಲಿಲ್ಲ. ಟ್ಯಾಂಕಿನಲ್ಲಿ ಅಷ್ಟೊಂದು ಇರುವಾಗ ಹಾಕುವ ಗರಜೂ ಇರಲಿಲ್ಲ. ನನ್ನ ಪ್ರಕಾರ ಮೋಟಾರು ಕೂರಿಸಿದವರು ನಿಜವಾಗಿ ಬದಲಿಸಿಕೊಂಡದ್ದು ಎಂಜಿನ್ನನ್ನಲ್ಲ, ಬಲಗೈಯನ್ನು. ಆಕ್ಸಿಲರೇಟರ್ ಹಿಡಿದ ಕೈಯನ್ನು.

ಹಾಯಿದೋಣಿಗೆ ಮಾತ್ರ ಒದಗುವ ಒಂದು ಭಾಗ್ಯವೂ ಇದೆ, ನನಗೆ ಈ ಇಡೀ ವ್ಯವಹಾರದಲ್ಲಿ ಅತಿ ಇಷ್ಟವಾದದ್ದು ಅದೇ. ಗಾಳಿ ಚೆನ್ನಾಗಿ ಬೀಸಿ ಹಾಯಿಯೇ ದೋಣಿಯನ್ನು ಎಳೆಯುವಾಗ ಮೋಟಾರಿಗೆ ಕೆಲಸವಿಲ್ಲ. ಆದರೆ ರೆಕ್ಕೆ ನೀರೊಳಗೇ ಇದೆ. ಹಾದುಹೋಗುವ ನೀರು ಅದನ್ನು ತಿರುಗಿಸುತ್ತದೆ, ರೆಕ್ಕೆ ಮೋಟಾರನ್ನು ತಿರುಗಿಸುತ್ತದೆ. ಮೋಟಾರನ್ನು ಹೊರಗಿನಿಂದ ತಿರುಗಿಸಿದರೆ ಅದೇ ಡೈನಮೊ. ನೀರು ಚಕ್ರ ತಿರುಗಿಸಿ ಕರೆಂಟು ಹುಟ್ಟುವುದು ಎಂದರೆ ಬ್ಲಫ್‌ನಲ್ಲಿ 1902ರಿಂದ ನಡೆಯುತ್ತಿರುವ ಕೆಲಸವೇ. ಅಲ್ಲಿ ನೀರು ಧುಮುಕುತ್ತದೆ, ಇಲ್ಲಿ ದೋಣಿಯೇ ನೀರಿನ ಮೇಲೆ ಓಡುತ್ತದೆ, ಅಷ್ಟೇ ವ್ಯತ್ಯಾಸ. ಸಿಗುವುದು ಹೆಚ್ಚೇನಲ್ಲ, ಒಳ್ಳೆಯ ಗಾಳಿಗೆ ಕೆಲವು ನೂರು ವಾಟು. ಮುನ್ನೂರು ಎಂದುಕೊಂಡರೆ ಹತ್ತು ಗಂಟೆಗೆ ಮೂರು ಯೂನಿಟ್. ದೋಣಿಯ ವೇಗ ಒಂದಿಷ್ಟು ಕುಗ್ಗುತ್ತದೆ, ಪುಕ್ಕಟೆ ಯಾವುದೂ ಇಲ್ಲ. ಆದರೂ ಸಂಜೆ ಬಂದರು ಸೇರಲು ಬೇಕಾದ ಕರೆಂಟು ದಾರಿಯಲ್ಲೇ ಹುಟ್ಟಿರುತ್ತದೆ.

ತೊಂದರೆಗಳನ್ನು ಮುಚ್ಚಿಟ್ಟು ಬರೆಯಬಾರದು. ಎಂಜಿನ್ ಜತೆಗಿದ್ದ ಆಲ್ಟರ್ನೇಟರ್ ಹೋದ ಮೇಲೆ ದೀಪ, ಫ್ಯಾನು, ರೇಡಿಯೊಗಳಿಗೂ ಅದೇ ಬ್ಯಾಟರಿಯಿಂದ ಕರೆಂಟು ಇಳಿಸಿ ಕೊಡಬೇಕು. ಬ್ಯಾಟರಿ ಕಾಯುವ ಎಲೆಕ್ಟ್ರಾನಿಕ್ ಕಾವಲುಗಾರನಿಗೆ ಏನಾದರೂ ಅನುಮಾನ ಬಂದರೆ ಅದು ಒಂದೇ ಏಟಿಗೆ ಎಲ್ಲವನ್ನೂ ಆರಿಸಿಬಿಡುತ್ತದೆ. ಮನೆಯ ಯುಪಿಎಸ್‌ಗೆ ಹಾಗಾದರೆ ಬೇಸರ, ಬಂಡೆಗಳ ನಡುವಿನ ದೋಣಿಗೆ ಹಾಗಾದರೆ ಪ್ರಾಣಸಂಕಟ. ಎರಡು ದಿನ ಗಾಳಿಯೇ ಇಲ್ಲದೆ ಸಿಕ್ಕಿಕೊಂಡರೆ ಕ್ಯಾನಿನಲ್ಲಿ ಕರೆಂಟು ತಂದು ಕೊಡುವವರಿಲ್ಲ. ಅದಕ್ಕೆ ದೂರ ಹೋಗುವವರು ಸಣ್ಣದೊಂದು ಜನರೇಟರು ಇಟ್ಟುಕೊಳ್ಳುತ್ತಾರೆ. ಡೀಸೆಲ್ಲಿನಿಂದ ಕರೆಂಟು, ಕರೆಂಟಿನಿಂದ ರೆಕ್ಕೆ: 'ವಂದಾಲ್' ಹಡಗಿನ ಉಪಾಯವೇ ತಿರುಗಿ ಬಂತು.

ನಮ್ಮ ಕಡಲಿಗೆ ಇದು ಒಗ್ಗುತ್ತದೆಯೆ? ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ತರಕಾರಿ, ಜಲ್ಲಿ, ಸಿಮೆಂಟು ಒಯ್ಯುವ ಮಂಜಿಗಳು ಹುಟ್ಟಿನಲ್ಲಿ ಹಾಯಿಹಡಗುಗಳೇ. ಆಮೇಲೆ ಡೀಸೆಲ್ ಎಂಜಿನ್ ಕಟ್ಟಿಕೊಂಡವು. ನೂರು ಎಚ್‌ಪಿಯ ಎಂಜಿನ್ ಇಡೀ ಹಗಲು, ಇಡೀ ರಾತ್ರಿ ಓಡುವುದೆಂದು ಲೆಕ್ಕ ಹಿಡಿದರೆ ಸಾವಿರದ ಎಂಟುನೂರು ಯೂನಿಟ್, ಸುಮಾರು ಹದಿನಾರು ಟನ್ ಬ್ಯಾಟರಿ. ಸರಕಿನ ಜಾಗವನ್ನು ಬ್ಯಾಟರಿಯೇ ತಿಂದರೆ ಮಂಜಿ ಹೊರಡುವುದಾದರೂ ಯಾಕೆ? ಅಲ್ಲಿ ಡೀಸೆಲ್ಲಿಗೆ ಇನ್ನೂ ಕಾಲವಿದೆ.

ಒಗ್ಗುವ ಜಾಗ ಬೇರೆ ಥರದ್ದು, ಅದಕ್ಕೆ ಕೇರಳಕ್ಕೆ ಹೋಗಬೇಕು. ಸತ್ಯಾಗ್ರಹದಿಂದ ಹೆಸರಾದ ವೈಕಂನಿಂದ ತವಣಕ್ಕಡವಿಗೆ ಹಿನ್ನೀರು ದಾಟಲು ಎರಡೂವರೆ ಕಿಲೋಮೀಟರ್. 2017ರ ಜನವರಿಯಿಂದ ಅಲ್ಲಿ 'ಆದಿತ್ಯ' ಎಂಬ ಸೌರ ದೋಣಿ ಓಡುತ್ತಿದೆ. ನವಾಲ್ಟ್ ಎಂಬ ಕೊಚ್ಚಿಯ ಸಂಸ್ಥೆ ಕಟ್ಟಿದ್ದು, ಓಡಿಸುವುದು ರಾಜ್ಯದ ಜಲಸಾರಿಗೆ ಇಲಾಖೆ. ಇಪ್ಪತ್ತು ಮೀಟರ್ ಉದ್ದ, 75 ಜನ, ಚಾವಣಿಯ ಮೇಲೆ ಇಪ್ಪತ್ತು ಕಿಲೋವಾಟಿನ ಸೌರಫಲಕ, ಒಳಗೆ ಐವತ್ತು ಯೂನಿಟ್ಟಿನ ಬ್ಯಾಟರಿ. ಹೋದ ದೋಣಿ ಕಾಲು ಗಂಟೆಗೆ ಇನ್ನೊಂದು ಕಟ್ಟೆ ಮುಟ್ಟುತ್ತದೆ, ರಾತ್ರಿ ಒಂದೇ ಕಡೆ ನಿಲ್ಲುತ್ತದೆ, ಅಲ್ಲಿ ಕಂಬ ಇದೆ. ಆದರೆ ಗಮನಿಸಬೇಕಾದದ್ದು ಇನ್ನೊಂದು: ಅವರು ಹಳೆಯ ದೋಣಿಯ ಡೀಸೆಲ್ ಎಂಜಿನ್ ಬಿಚ್ಚಿ ಮೋಟಾರು ತುರುಕಲಿಲ್ಲ. ನೀರನ್ನು ಸುಲಭಕ್ಕೆ ಸೀಳುವ ಎರಡು ತೆಳ್ಳನೆಯ ತಳಗಳ ಮೇಲೆ ಹೊಸ ಹಗುರ ದೋಣಿಯನ್ನೇ ಕಟ್ಟಿದರು. ಎಂಜಿನ್ನಿಗಿಂತ ಮೊದಲು ತೂಕ ಬದಲಾಯಿತು. ಸಾಧಾರಣ ದೋಣಿಗೆ ಮೋಟಾರು ಹಾಕಿ ಆಮೇಲೆ ಬ್ಯಾಟರಿಗೆ ಬಯ್ಯುವವರು ಇದನ್ನು ನೋಡಿ ಬರಬೇಕು. 2023ರ ಏಪ್ರಿಲಿನಲ್ಲಿ ಶುರುವಾದ ಕೊಚ್ಚಿಯ ವಾಟರ್ ಮೆಟ್ರೊ ಇದೇ ದಾರಿಯಲ್ಲಿ ಇನ್ನೂ ದೊಡ್ಡ ಹೆಜ್ಜೆ.

ಇನ್ನು ನಮ್ಮ ಹೊಳೆ. ಯಳಂದೂರಿನ ಸುವರ್ಣಾವತಿಯಲ್ಲಿ ವರ್ಷದ ಬಹುಪಾಲು ದೋಣಿ ಬಿಡಲು ನೀರೇ ಇರುವುದಿಲ್ಲ. ಕಾವೇರಿ ಉಕ್ಕಿ ಹಳೇ ಹಂಪಾಪುರ, ಹಳೇ ಅಣಗಳ್ಳಿ, ಯಡಕುರಿಯಗಳಿಗೆ ನುಗ್ಗಿದಾಗ ಜನರನ್ನು ಕರೆತರಲು ಹೋಗುವ ದೋಣಿಗೆ ಪೆಟ್ರೋಲೇ ಸರಿ. ಆ ಸೆಳೆತದಲ್ಲಿ ಯೂನಿಟ್ ಲೆಕ್ಕ ಹಾಕುತ್ತ ಕೂರಲಾಗದು. ಹನೂರಿನ ಕಡೆ, ಗೋಪಿನಾಥಂ ದಾಟಿ ಹೊಗೆನಕಲ್ಲಿನ ಗಡಿಗೆ ಹೋದರೆ ಅಲ್ಲಿ ಎಂಜಿನ್ನಿನ ಮಾತೇ ಇಲ್ಲ, ತೆಪ್ಪ. ಬಿದಿರಿನ ಬುಟ್ಟಿ, ಹಿಂದೆ ಚರ್ಮ, ಈಗ ಟಾರು ಬಳಿದ ಹೊದಿಕೆ, ಒಂದು ಹುಟ್ಟು. ಅದಕ್ಕೂ ಒಂದು ಮೋಟಾರು ಕಟ್ಟಿದರೆ ಎಂಬ ಆಸೆ ಓದಿದವರಿಗೆ ಬರಬಹುದು. ಕಟ್ಟಿದರೆ ತೆಪ್ಪ ಮುಂದೆ ಹೋಗುವ ಬದಲು ನಿಂತಲ್ಲೇ ಬುಗುರಿಯಾಗುತ್ತದೆ. ಮುಂದೆ ಯಾವುದು ಹಿಂದೆ ಯಾವುದು ಎಂಬುದೇ ಇಲ್ಲದ ದೋಣಿ ಅದು. ಬಂಡೆಯಿಂದ ಬಂಡೆಗೆ ಅದನ್ನು ತಿರುಗಿಸಿಕೊಂಡೇ ದಾಟಿಸಬೇಕು. ನೀರು ಮುಗಿದಲ್ಲಿ ತಲೆ ಮೇಲೆ ಬೋರಲು ಹಾಕಿಕೊಂಡು ನಡೆಯಬೇಕು. ತೂಕದ ಪಾಠ ತೆಪ್ಪದವರಿಗೆ ಯಾರೂ ಹೇಳಬೇಕಿಲ್ಲ.

ಹರಳೆಯ ಆ ಹಿರಿಯರಿಗೆ ಮೂಟೆ ಲೆಕ್ಕ ಪೂರ್ತಿ ಒಪ್ಪಿಸಿದೆ. ಕೇಳಿಸಿಕೊಂಡು ತಮ್ಮ ಪಂಪ್‌ಸೆಟ್ಟಿನ ಕಡೆ ನೋಡಿದರು. ಐದು ಎಚ್‌ಪಿ, ಗಂಟೆಗೆ ನಾಲ್ಕೂವರೆ ಯೂನಿಟ್ ಎಳೆಯುವ ಮೋಟಾರು ಅದು. "ಒಂದು ಮೂಟ ಬ್ಯಾಟ್ರಿಗ ಒಂದು ಗಂಟ ನೀರು ಅಂತಾಯ್ತು," ಎಂದರು. ಆಮೇಲೆ ತ್ರೀ ಫೇಸು ಬಂದಿದೆಯೋ ಎಂದು ನೋಡಲು ಸ್ಟಾರ್ಟರ್ ಪೆಟ್ಟಿಗೆಯ ಕಡೆ ನಡೆದರು. ಇನ್ನೂ ಬಂದಿರಲಿಲ್ಲ.